ರಿಂಕ್ ತುಂಬಾ ಎಮರಿಯ ಹೆಸರು

“ಅಮ್ಮಾ, ಇವನನ್ಯಾಕೆ ಕರ್ಕೊಂಡು ಬಂದೆ?” ಮಾರ್ನಿ ಅಮ್ಮನ ಕೋಟಿನ ತೋಳು ಹಿಡಿದು ಅಡುಗೆಮನೆಗೆ ಎಳೆದಳು. “ಇವನು ಬೇರ್ಸ್ ಟೀಮಿನ ಗೋಲ್‌ಕೀಪರ್!”

“ಗೊತ್ತು ಕಣೇ, ಮೆತ್ತಗೆ ಮಾತಾಡು.” ಅಮ್ಮ ಟೋಪಿಯ ಮೇಲಿನ ಹಿಮ ಕೊಡವಿದಳು. “ಗಾಳಿಗೆ ಇವರು ಇಳಿದಿದ್ದ ಮೋಟೆಲ್‌ನಲ್ಲಿ ಕರೆಂಟ್ ಹೋಗಿದೆ. ಹೀಟರ್ ಇಲ್ಲ. ಪಾಪ, ಹುಡುಗರನ್ನೆಲ್ಲ ಒಂದೊಂದು ಮನೆಗೆ ಹಂಚಿಬಿಟ್ವಿ.”

“ಬೇರೆ ಯಾರೂ ಸಿಗಲಿಲ್ವಾ ನಮಗೆ?”

“ಇವನ ಕಾಲು ನೋಡು, ಎಷ್ಟುದ್ದ! ಬೇರೆ ಯಾರ ಮನೆ ಸೋಫಾದಲ್ಲೂ ಹಿಡಿಸಲಿಲ್ಲ.”

ಮಾರ್ನಿ ಬಾಗಿಲ ಸಂದಿಯಿಂದ ಇಣುಕಿದಳು. ಆಟದ ಮುಖವಾಡವಿಲ್ಲದೆ ಅವನು ಬೇರೆಯೇ ಹುಡುಗನಂತೆ ಕಾಣುತ್ತಿದ್ದ. ಕೆಂಪು ಮೂಗು, ಹೊರಕ್ಕೆ ಚಾಚಿದ ಕಿವಿ. ಬೂಟು ಬಿಚ್ಚಿ ಬಾಗಿಲ ಬಳಿ ಜೋಡಿಸಿಡುತ್ತಿದ್ದ.

ನಿನ್ನೆಯ ಐಸ್ ಹಾಕಿ ಆಟದಲ್ಲಿ ಅವಳು ಇವನ ಬೆನ್ನ ಹಿಂದೆಯೇ ಕೂತಿದ್ದಳು. ಗೋಲಿನ ಹಿಂದಿನ ಗಾಜಿನ ಪಕ್ಕ, ಮೊದಲ ಸಾಲು. ತಮ್ಮೂರಿನ ಎಲ್ಮ್‌ಫೀಲ್ಡ್ ಕೊಯೋಟೀಸ್ ಗೋಲು ಹೊಡೆದಾಗಲೆಲ್ಲ ಮಾರ್ನಿ ಬೆಂಚಿನ ಮೇಲೆ ಹತ್ತಿ ನಿಂತು, ರಾಗ ಎಳೆದು, “ಎ... ಮ... ರೀ...” ಎಂದು ಶುರು ಮಾಡುತ್ತಿದ್ದಳು. ಮರುಕ್ಷಣ ಮಂಜುಗಡ್ಡೆಯ ಅಂಗಣದ ಸುತ್ತ ಕೂತಿದ್ದ ಇಡೀ ರಿಂಕ್ ದನಿಗೂಡಿಸುತ್ತಿತ್ತು. ಎದುರು ತಂಡದ ಗೋಲ್‌ಕೀಪರ್‌ನ ಹೆಸರು ಹಿಡಿದು ಹಾಗೆ ಅಣಕಿಸುವುದು ಊರಿನ ಹಳೇ ಪದ್ಧತಿ. ಅದನ್ನು ಶುರು ಮಾಡುವ ಗಂಟಲು ಮಾತ್ರ ಈ ವರ್ಷ ಮಾರ್ನಿಯದು. ಹತ್ತು ವರ್ಷದ ಆ ಗಂಟಲು ಪೇಟೆಬೀದಿಯ ಆ ತುದಿಗೂ ಕೇಳಿಸುತ್ತದೆಂದು ಶಾಲೆಯ ಟೀಚರೇ ಹೇಳಿದ್ದರು.

ಏಳು ಆಟಗಳ ಫೈನಲ್‌ನಲ್ಲಿ ನಿನ್ನೆ ಗೆದ್ದು ಕೊಯೋಟೀಸ್ ಮೂರು-ಮೂರು ಸಮ ಮಾಡಿಕೊಂಡಿತ್ತು. ನಾಳೆ ಸಂಜೆ ಏಳನೇ ಆಟ. ಗೆದ್ದವರಿಗೆ ಕಪ್.

ಈ ದನಿಯನ್ನು ಅವನು ಗುರುತು ಹಿಡಿದುಬಿಟ್ಟರೆ?

“ನಮಸ್ಕಾರ,” ಎಂದು ಮಾರ್ನಿ ಹೊರಗೆ ಬಂದು ಪಿಸುಗುಟ್ಟಿದಳು.

“ಗಂಟಲಿಗೆ ಏನಾಯ್ತೇ?” ಎಂದಳು ಅಮ್ಮ.

“ನೆಗಡಿ,” ಎಂದು ಮತ್ತೆ ಪಿಸುಗುಟ್ಟಿದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಎಮರಿಯ ಎದುರು ಟ್ಯಾನರ್. ಟ್ಯಾನರ್ ಕೊಯೋಟೀಸ್ ತಂಡದ ನಾಯಕ. ದೂರದೂರುಗಳಿಂದ ಬಂದ ಆಟಗಾರರು ಊರಿನವರ ಮನೆಗಳಲ್ಲೇ ಉಳಿದು ಶಾಲೆಗೆ ಹೋಗುತ್ತಾರೆ. ಟ್ಯಾನರ್ ಎರಡು ವರ್ಷದಿಂದ ಮಾರ್ನಿಯ ಮನೆಯಲ್ಲಿದ್ದ. ನಿನ್ನೆ ಒಬ್ಬರನ್ನೊಬ್ಬರು ನೂಕಾಡಿದ್ದ ಹುಡುಗರಿಬ್ಬರೂ ಈಗ ಉಪ್ಪಿನ ಡಬ್ಬಿಯನ್ನು ಬಹಳ ಮರ್ಯಾದೆಯಿಂದ ದಾಟಿಸುತ್ತಿದ್ದರು.

ಅಜ್ಜಿ ಪೆರೋಗಿ ತಂದಿಟ್ಟಳು. ಆಲೂಗಡ್ಡೆ ತುಂಬಿದ, ಬೆಣ್ಣೆಯಲ್ಲಿ ಮಿರಮಿರ ಹೊಳೆಯುವ ಕಡುಬುಗಳು. ಅವನ್ನು ನೋಡಿದ್ದೇ ತಡ, ಮಾರ್ನಿಯ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಹೊಟ್ಟೆ ಬಿರಿಯುವಷ್ಟು ತಿಂದ ಗೋಲ್‌ಕೀಪರ್ ನಾಳೆ ಬಗ್ಗುವುದು ಹೇಗೆ?

“ಇನ್ನೊಂದು ಹಾಕ್ಕೋ,” ಎಂದು ಪಿಸುಗುಟ್ಟುತ್ತಾ ಅವನ ತಟ್ಟೆಗೆ ನಾಲ್ಕು ಸುರಿದಳು. ಅವನು ಮುಗಿಸಿದ. ಮತ್ತೆ ನಾಲ್ಕು ಸುರಿದಳು.

“ನಿಮ್ಮ ಪಶ್ಚಿಮ ಕಾನ್ಫರೆನ್ಸ್ ಗುಂಪಿನ ತಂಡಗಳು ಈ ಸಲ ಬರೀ ನೀರುಗಂಜಿ ಕಣಪ್ಪ,” ಎಂದು ಅಜ್ಜಿ ಶುರು ಹಚ್ಚಿಕೊಂಡಳು. ರೇಡಿಯೊದಲ್ಲಿ ಒಂದು ಆಟವನ್ನೂ ಬಿಟ್ಟವಳಲ್ಲ. “ಮೂರು ಸುತ್ತಲ್ಲೂ ಸಲೀಸಾಗಿ ಗೆದ್ದು ಬಂದ್ರಿ. ನಿಮಗೆ ಎದುರಾಳೀನೇ ಇರ್ಲಿಲ್ಲ. ನಮ್ಮ ಪೂರ್ವದಲ್ಲಿ ಹಾಗಲ್ಲ, ಪ್ರತಿ ಸುತ್ತೂ ಏಳನೇ ಆಟದವರೆಗೆ ಎಳೀತು.”

“ಅದಕ್ಕೇ ಅಜ್ಜಿ, ನಿಮ್ಮೋರು ಕುಂಟ್ಕೊಂಡು ಫೈನಲ್‌ಗೆ ಬಂದಿದ್ದು,” ಎಂದ ಎಮರಿ, ಬಾಯ್ತುಂಬ ಪೆರೋಗಿ ಇಟ್ಟುಕೊಂಡು.

ಮಾರ್ನಿಗೆ ತಡೆಯಲಾಗಲಿಲ್ಲ. “ಸುಳ್ಳು! ನೀವೆಲ್ಲ ಪಶ್ಚಿಮದ ಮಳೆಯೂರಿನೋರು! ನಾವು ಹಿಮದಲ್ಲಿ ಬೆಳೆದೋರು, ಅದಕ್ಕೇ ನಾವು ಗಟ್ಟಿ!”

ಕಿಟಕಿಯ ಗಾಜು ನಡುಗಿತೋ ಏನೋ. ಎಮರಿಯ ಫೋರ್ಕ್ ಅರ್ಧ ದಾರಿಯಲ್ಲೇ ನಿಂತಿತು. ಅವನು ಮಾರ್ನಿಯನ್ನೇ ನೋಡಿದ. ಮಾರ್ನಿ ಪಿಸುಮಾತಿಗೆ ಇಳಿದಳು, “ಅಂದ್ರೆ... ನೆಗಡಿ.”

“ನೆಗಡಿಯೂ ಇಲ್ಲ, ಗಿಗಡಿಯೂ ಇಲ್ಲ!” ಅಜ್ಜಿ ಹೆಮ್ಮೆಯಿಂದ ಮೊಮ್ಮಗಳ ಬೆನ್ನು ತಟ್ಟಿದಳು. “ರಿಂಕ್‌ನಲ್ಲಿ ನಿನ್ನ ಹೆಸರು ಎಳೀತಾಳಲ್ಲ, ಅದು ಇವಳೇ ಕಣೋ!”

ಟ್ಯಾನರ್ ನಗು ತಡೆಯಲಾರದೆ ನೀರು ಕುಡಿಯುವ ನೆಪ ಮಾಡಿದ. ಮಾರ್ನಿಗೆ ಮೇಜಿನ ಕೆಳಗೆ ಹೋಗಿಬಿಡೋಣ ಅನ್ನಿಸಿತು.

ಎಮರಿ ಮಾತ್ರ ಫೋರ್ಕ್ ಕೆಳಗಿಟ್ಟು, “ನಾನು ಮಳೆಯೂರಿನೋನಲ್ಲ,” ಎಂದ. “ಹೈವೇ ಆಚೆ ಸ್ಪ್ರೂಸ್ ಕ್ರೀಕ್ ಇದೆಯಲ್ಲ, ಅಲ್ಲಿಯವನು. ನಮ್ಮ ಹೊಲದ ಹೊಂಡ ಹೆಪ್ಪುಗಟ್ಟಿದಾಗ ಅಲ್ಲೇ ಸ್ಕೇಟಿಂಗ್ ಕಲಿತದ್ದು. ಹದಿನಾಲ್ಕಕ್ಕೇ ಬೇರ್ಸ್ ನನ್ನನ್ನ ಆರಿಸ್ಕೊಂಡ್ರು, ಹೋದೆ.”

“ಯಾರ ಮನೆ ಹುಡುಗ ನೀನು?” ಎಂದಳು ಅಜ್ಜಿ.

“ಸ್ಟೆಫ್ಕಾ ಅಂತ, ನಮ್ಮಮ್ಮನ ಅಮ್ಮ.”

“ಅಯ್ಯೋ, ಸ್ಟೆಫ್ಕಾ ಮೊಮ್ಮಗನಾ! ಚರ್ಚ್ ಹಾಲ್‌ನಲ್ಲಿ ಜೊತೇಲಿ ಕೂತು ಎಷ್ಟು ಸಾವಿರ ಪೆರೋಗಿ ಮಡಿಚಿದ್ದೀವೋ! ಮುಖವಾಡ ಹಾಕ್ಕೊಂಡಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?” ಅಜ್ಜಿ ತಾನೇ ಎದ್ದು ಅವನ ತಟ್ಟೆಗೆ ಇನ್ನಷ್ಟು ಹಾಕಿದಳು.

ಮಾರ್ನಿಯ ಲೆಕ್ಕವೆಲ್ಲ ತಲೆಕೆಳಗಾಯಿತು. “ಹಾಗಾದ್ರೆ ನೀನು ಪೂರ್ವದೋನು!”

“ಹಾಗಾದ್ರೆ ನಾನು?” ಎಂದ ಟ್ಯಾನರ್. “ನಾನು ಪಶ್ಚಿಮದ ತುದೀಲಿರೋ ವ್ಯಾಂಕೂವರ್ ದ್ವೀಪದೋನು. ನಮ್ಮೂರಲ್ಲಿ ನಾಲ್ಕು ಹರಳು ಹಿಮ ಬಿದ್ರೆ ಶಾಲೆಗೆ ರಜ ಕೊಡ್ತಾರೆ.”

“ಅದು ಲೆಕ್ಕಕ್ಕಿಲ್ಲ. ನೀನು ನಮ್ಮನೆಯೋನು.”

“ನಾನೂ ಈಗ ನಿಮ್ಮನೆ ಪೆರೋಗಿ ತಿಂದಾಯ್ತು,” ಎಂದ ಎಮರಿ. ಆಮೇಲೆ ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ, “ನನ್ನನ್ನ ಹೀಗೆ ಉಬ್ಬಿಸಿದ್ರೆ ಗೋಲು ಪೂರ್ತಿ ಮುಚ್ಚಿಹೋಗುತ್ತೆ, ಯೋಚನೆ ಮಾಡಿದ್ಯಾ?” ಎಂದ.

ಮಾರ್ನಿ ಪೆರೋಗಿ ಬಟ್ಟಲನ್ನು ಸದ್ದಿಲ್ಲದೆ ದೂರ ಸರಿಸಿದಳು. ಆಮೇಲೆ ಕೇಳಿದಳು, “ನಾನು ಹಾಡಿದ್ರೆ ನಿನಗೆ ಕೋಪ ಬರುತ್ತಾ?”

“ನನಗಾ? ಎಲ್ಲ ಊರಲ್ಲೂ ಹಾಡ್ತಾರೆ. ಆದ್ರೆ ನಮ್ಮಜ್ಜಿ ಇದ್ದಾಳಲ್ಲ...” ಎಮರಿ ನಗತೊಡಗಿದ. “ಅವಳಿಗೆ ಕಣ್ಣು ಮಂಜು. ಪಕ್ ಅಷ್ಟು ಚಿಕ್ಕ ಬಿಲ್ಲೆ, ಎಲ್ಲಿದೆ ಅಂತ್ಲೇ ಕಾಣಲ್ಲ. ನಾನು ಇಷ್ಟು ಹತ್ತಿರ ಆಡೋದು ಇದೇ ಮೊದಲು, ಅದಕ್ಕೇ ಬಂದಿದ್ಲು. ಗೋಲು ಹೋಗಿದ್ದು ಗೊತ್ತಾಗಲಿಲ್ಲ. ರಿಂಕ್ ತುಂಬಾ ನನ್ನ ಹೆಸರು ಹಾಡಿದ್ದು ಮಾತ್ರ ಕೇಳಿಸ್ತು. ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಾಳೆ! ರಾತ್ರಿ ಫೋನ್ ಮಾಡಿ, ‘ಎಲ್ಮ್‌ಫೀಲ್ಡ್ ಜನ ಎಷ್ಟು ಒಳ್ಳೆಯೋರು ಮಗಾ, ಎದುರು ತಂಡದೋನಾದ್ರೂ ನಿನ್ನನ್ನ ಎಷ್ಟು ಮೆಚ್ಕೊಂಡಿದ್ದಾರೆ’ ಅಂದ್ಲು.”

ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. ಟ್ಯಾನರ್ ನಕ್ಕ. ಅಮ್ಮನೂ ನಕ್ಕಳು. ಮಾರ್ನಿಯೂ ನಕ್ಕಳು. ನಕ್ಕಮೇಲೆ ಯಾಕೋ ತನ್ನ ತಟ್ಟೆಯ ಪೆರೋಗಿಯನ್ನು ಫೋರ್ಕಿನಿಂದ ಅತ್ತಿತ್ತ ಉರುಳಿಸುತ್ತಾ ಕೂತಳು.

ಮರುದಿನ ಸಂಜೆ ರಿಂಕ್‌ನಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಮಾರ್ನಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು. ಇವತ್ತು ಹಾಡುವುದಿಲ್ಲ. ಆ ಮುದುಕಿಯನ್ನು ಮತ್ತೆ ನಗೆಪಾಟಲು ಮಾಡುವುದಿಲ್ಲ.

ಮೊದಲ ಅವಧಿಯಲ್ಲೇ ಕೊಯೋಟೀಸ್ ಗೋಲು ಹೊಡೆಯಿತು. ಸೈರನ್ ಕೂಗಿತು. ನೂರಾರು ತಲೆಗಳು ಮೊದಲ ಸಾಲಿನತ್ತ ತಿರುಗಿದವು.

“ಮಾರ್ನಿ! ಬೆಂಚು ಹತ್ತೇ, ಹತ್ತು!”

“ಏನಾಯ್ತೇ ಇವಳಿಗೆ? ಬೆಕ್ಕು ನಾಲಿಗೆ ಕಚ್ಕೊಂಡು ಹೋಯ್ತಾ?”

ಮಾರ್ನಿ ತುಟಿ ಬಿಗಿಹಿಡಿದು ಕೂತಳು. ಹಿಂದೆ ಯಾರೋ ಶುರು ಮಾಡಿ, ರಾಗ ತಪ್ಪಿ, ಕೆಮ್ಮಿ ಬಿಟ್ಟರು. ಹಾಡು ಅಲ್ಲೇ ಸತ್ತಿತು.

ಆಗ ಅವಳಿಗೆ ಕಂಡಿತು. ಬಲಗಡೆ, ಬೇರ್ಸ್ ಅಭಿಮಾನಿಗಳು ಕೂತಿದ್ದ ಮೂಲೆಯಲ್ಲಿ, ನೇರಳೆ ಕೋಟಿನ ಪುಟ್ಟ ಅಜ್ಜಿಯೊಬ್ಬಳು ಎದ್ದು ನಿಂತಿದ್ದಳು. ಕೈಗವುಸು ಕಳಚಿ, ಎರಡೂ ಅಂಗೈ ಎದೆಯ ಮುಂದೆ ಸಜ್ಜಾಗಿ ಹಿಡಿದಿದ್ದಳು. ಕಿವಿ ಕೊಟ್ಟು ಕಾದಳು. ಏನೂ ಕೇಳಿಸಲಿಲ್ಲ. ಪಕ್ಕದವರನ್ನು ಏನೋ ಕೇಳಿದಳು. ಆಮೇಲೆ ಮೆಲ್ಲಗೆ ಕೂತು, ಕೈಗವುಸನ್ನು ಮತ್ತೆ ಒಂದೊಂದೇ ಬೆರಳಿಗೆ ತೊಡಿಸಿಕೊಂಡಳು.

ಆಮೇಲಿನ ಆಟ ಮಾರ್ನಿಯ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ಬೇರ್ಸ್ ಎರಡು ಗೋಲು ಹೊಡೆದದ್ದೂ, ಜೊತೆಗೆ ಬಂದಿದ್ದ ತನ್ನಜ್ಜಿ ರೆಫರಿಯನ್ನು ಬೈದದ್ದೂ ಎಲ್ಲೋ ದೂರದಲ್ಲಿ ನಡೆದಂತಿತ್ತು. ಅವಳ ಕಣ್ಣು ಆ ನೇರಳೆ ಕೋಟಿನ ಮೇಲೇ ಇತ್ತು.

ಕೊನೆಯ ಅವಧಿಯಲ್ಲಿ ಟ್ಯಾನರ್ ಬಾಣದಂತೆ ನುಗ್ಗಿ ಬಂದ. ಪಕ್ ಎಮರಿಯ ಭುಜದ ಮೇಲಿಂದ ಹಾರಿ ಬಲೆಗೆ ಬಿತ್ತು. ಎರಡು-ಎರಡು! ಇಡೀ ರಿಂಕ್ ಕುಣಿಯಿತು. ಕಪ್ ಯಾರ ಪಾಲಾಯಿತು ಎಂದು ಕೇಳುತ್ತೀರಾ? ಬೇರ್ಸ್ ಪಾಲಿಗೇ ಹೋಯಿತು, ಆದರೆ ಅದು ಆಮೇಲಿನ ಮಾತು.

ಎಮರಿ ಗೋಲಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡು, ಮುಖವಾಡ ಮೇಲೆತ್ತಿ ಹಿಂದಕ್ಕೆ ತಿರುಗಿದ. ಮಾರ್ನಿಯನ್ನು ನೋಡಿ ಹುಬ್ಬೇರಿಸಿದ. ಇವತ್ತು ಮೂಕಿಯಾದೆಯಾ ಎನ್ನುವಂತೆ ಗಾಜಿನ ಮೇಲೆ ಚಿಳ್ ಎಂದು ನೀರು ಚಿಮ್ಮಿಸಿದ.

ಮಾರ್ನಿ ಬೆಂಚಿನ ಮೇಲೆ ಹತ್ತಿದಳು. ಉಸಿರು ತುಂಬಿಕೊಂಡು, ಮೂಲೆಯಲ್ಲಿದ್ದ ನೇರಳೆ ಕೋಟಿನತ್ತ ಮುಖ ತಿರುಗಿಸಿದಳು.

“ಎ... ಮ... ರೀ...”

ಸುತ್ತಲಿನವರೆಲ್ಲ ಗಹಗಹಿಸುತ್ತಾ ದನಿಗೂಡಿಸಿದರು. ಅವರು ಅಣಕಿಸುತ್ತಿದ್ದರು. ಮಾರ್ನಿ ಹಾಡುತ್ತಿದ್ದಳು. ಹೆಸರಿನ ಕೊನೆಯನ್ನು ಎಷ್ಟು ಇಂಪಾಗಿ ಎಳೆಯಲು ಬರುತ್ತದೋ ಅಷ್ಟು ಇಂಪಾಗಿ ಎಳೆದಳು.

ಆ ಮೂಲೆಯಲ್ಲಿ ಸ್ಟೆಫ್ಕಾ ಅಜ್ಜಿ ಎದ್ದು ನಿಂತಳು. ಕೈಗವುಸು ಎಲ್ಲಿ ಬಿತ್ತೋ, ಬರಿಗೈಯಲ್ಲಿ ಚಪ್ಪಾಳೆ ತಟ್ಟತೊಡಗಿದಳು.

“ಸಾಕು ಕಣೇ, ಆಟ ಶುರುವಾಯ್ತು!” ಎಂದು ಹಿಂದಿನ ಸಾಲಿನವರು ಅವಳ ಜಾಕೆಟ್ ಎಳೆದರು.

ಸ್ಟೆಫ್ಕಾ ಅಜ್ಜಿ ಇನ್ನೂ ಕೂತಿರಲಿಲ್ಲ. ಅವಳು ಕೂರುವವರೆಗೂ ಮಾರ್ನಿ ನಿಲ್ಲಿಸಲಿಲ್ಲ.