ತಿರುಗಿ ಹೇಳಿ

ಬಂದರಿನ ಗೇಟಿನ ಕಾವಲುಗಾರ ಏದುಸಿರು ಬಿಡುತ್ತ ಠಾಣೆಗೆ ಬಂದಾಗ ಬೆಳಿಗ್ಗೆ ಒಂಬತ್ತೂಕಾಲು. ಗ್ಯಾಸ್ ತುಂಬಿದ ಹಡಗಿನಲ್ಲಿ ಬಾಂಬ್ ಇದೆಯೆಂದು ಯಾರೋ ಗೇಟಿಗೆ ಫೋನ್ ಮಾಡಿದ್ದರು.

"ಏನಂದ, ಹಾಗೇ ಹೇಳು," ಎಂದರು ಇನ್‌ಸ್ಪೆಕ್ಟರ್.

"ಬಾಂಬಿದೆ, ಹಡಗು ದಡ ಬಿಡಬಾರದು ಅಂದ. ಆಮೇಲೆ 'ತಿರುಗಿ ಹೇಳಿ' ಅಂದ ಸಾರ್."

"ನೀನೇನು ಮಾಡ್ದೆ?"

"ತಿರುಗಿ ಹೇಳ್ದೆ."

ಮೀಸೆ ಎಂದೇ ಹೆಸರಾದ ಮುಖ್ಯಪೇದೆಗೆ ನಗು ಬಂತು. ಇನ್‌ಸ್ಪೆಕ್ಟರಿಗೆ ಬರಲಿಲ್ಲ. ಬಂದರಿನ ಗೋಡೆಗೆ ಅಂಟಿಕೊಂಡೇ ಅವರ ಮಗಳ ಶಾಲೆಯಿತ್ತು. ಎಫ್‌ಐಆರ್‌ಗೆ ಸಹಿ ಬೀಳುವ ಮೊದಲೇ ಶಾಲೆ ಖಾಲಿ ಮಾಡಿಸಿದರು. ಹಿಂದಿನ ಕೇರಿಯವರು ಉಟ್ಟ ಬಟ್ಟೆಯಲ್ಲೇ ಓಡಿದರು.

ಮೀಸೆ ಶೋಧ ತಂಡದೊಡನೆ ಹಡಗಿನ ಹೊಟ್ಟೆಗಿಳಿದ. ಇನ್‌ಸ್ಪೆಕ್ಟರ್ ದಡದಲ್ಲಿ ನಿಂತರು. ಕಬ್ಬಿಣ ಎಲ್ಲಿ ಠಣ್ ಎಂದರೂ ಅವರ ಕಣ್ಣು ಶಾಲೆಯ ಕಡೆ ಹೋಗುತ್ತಿತ್ತು. ಮಧ್ಯಾಹ್ನ ಮೀಸೆ ಎಣ್ಣೆ, ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ.

"ಏನೂ ಇಲ್ಲ ಸಾರ್. ಕೆಳಗೆ ಉಸಿರು ಕಟ್ಟುತ್ತೆ. ಆದ್ರೂ ಒಬ್ಬ ನಾವಿಕ ನನ್ನ ಜೊತೆಗೇ ತೆವಳಿದ. ಅವನಪ್ಪ ಇಲ್ಲೇ ಟವರಲ್ಲಿ ರೇಡಿಯೋ ಆಪರೇಟರಂತೆ. ಕೆಳಗಿಳಿದಿದ್ದೆ ಅಂತ ಅಪ್ಪಂಗೆ ಹೇಳ್ಬೇಡಿ, ಹೆದರ್ತಾರೆ ಅಂದ."

ಹಡಗು ಬಿಡಲು ಅನುಮತಿ ತಿಳಿಸಲು ಇನ್‌ಸ್ಪೆಕ್ಟರ್ ಟವರ್ ಹತ್ತಿದರು. ಆಪರೇಟರ್ ಹಡಗು ಎಳೆಯುವ ಟಗ್ ದೋಣಿಯವನೊಡನೆ ರೇಡಿಯೋದಲ್ಲಿ ಮಾತಾಡುತ್ತಿದ್ದರು: "ಹಡಗಿನ ಹತ್ರ ಬರಬೇಡಿ. ತಿರುಗಿ ಹೇಳಿ."

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತುಬಿಟ್ಟರು.

"ಯಾವಾಗ್ಲೂ ಹೀಗೇನಾ?"

"ತಪ್ಪು ಕೇಳಿಸ್ಕೋಬಾರದಲ್ಲ ಸಾರ್. ಮನೇಲೂ ಹೀಗೇ ಅಂದು ಹೆಂಡ್ತಿ ಹತ್ರ ಬೈಸ್ಕೋತೀನಿ."

"ಫೋನಲ್ಲೂ?"

ಆಪರೇಟರ್ ಊಟದ ಡಬ್ಬಿಯ ಚೀಲವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದರು. ಪಂಚರ ಎದುರು ಆ ಚೀಲದಲ್ಲಿ ಹೊಸ ಫೋನೊಂದು ಸಿಕ್ಕಿತು. ಅದರಿಂದ ಹೋಗಿದ್ದು ಒಂದೇ ಕರೆ, ಗೇಟಿಗೆ. ಪಂಚನಾಮೆ ಮುಗಿಸಿ ಬಂಧಿಸಿದರು.

"ಹೋದ ತಿಂಗಳು ಈ ಹಡಗು ಹೋಗೋ ದಾರೀಲಿ ಬಂದೂಕಿನವರು ಹಡಗು ಹತ್ತಿ ನಾವಿಕರನ್ನ ಕೊಂದ್ರು," ಎಂದರು ಆಪರೇಟರ್. "ಹೋಗಬೇಡ ಅಂತ ಮಗನ ಕೈಕಾಲು ಹಿಡ್ದೆ. ಕೇಳಲಿಲ್ಲ."

ಬೆಳಗಿನಿಂದ ಅದುಮಿಟ್ಟ ಸಿಟ್ಟು ಇನ್‌ಸ್ಪೆಕ್ಟರಿಗೆ ನೆತ್ತಿಗೇರಿತು. ಮಗಳ ನೆನಪಾಗಿ, ಬೈಯದೆ ಜೀಪು ತರಿಸಿದರು.

ಜೀಪು ಹೊರಟಾಗ ಹಿಂದೆ ಹಡಗು ಕೂಗು ಹಾಕಿ ದಡ ಬಿಡುತ್ತಿತ್ತು.

"ಬಾಂಬ್ ಹುಡುಕುವಾಗ ನನ್ನ ಮಗ ಎಲ್ಲಿದ್ದ?" ಆಪರೇಟರ್ ಕೇಳಿದರು.

ಮೀಸೆ ಇನ್‌ಸ್ಪೆಕ್ಟರರ ಮುಖ ನೋಡಿದ. ಅವರು ಕಿಟಕಿಯಾಚೆ ತಿರುಗಿದರು.

"ಮೇಲೇ ಇದ್ದ. ಗಾಳೀಲಿ ನಿಂತಿದ್ದ."

"ತಿರುಗಿ ಹೇಳಿ."

ಮೀಸೆ ತಿರುಗಿ ಹೇಳಿದ.