ಪಟ್ಟೆ ಪೈಜಾಮ, ಕಪ್ಪು ಸೈಕಲ್

“ಅದು ಬ್ಯಾಡವ್ವ,” ಅಂದರು ವಿಶ್ವನಾಥಪ್ಪ.

“ನನಗೆ ಅದೇ ಬೇಕು,” ಅಂದಳು ಹರಿಣಾಕ್ಷಿ.

‘ಅದು’ ಅಂದರೆ ಹಸಿರು ಬಣ್ಣದ ಲೇಡೀಸ್ ಸೈಕಲ್. ಮುಂದೆ ಬುಟ್ಟಿ, ಹ್ಯಾಂಡಲಿಗೆ ಕೆಂಪು ರಿಬ್ಬನ್, ಒತ್ತಿದರೆ ಕಿಣಿಕಿಣಿ ಅನ್ನುವ ಬೆಲ್. ನಾಸಿಕದ ಮೇನ್ ರೋಡಿನ ಆ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಅಂಥದ್ದು ಇದ್ದದ್ದು ಒಂದೇ.

ವಿಶ್ವನಾಥಪ್ಪ ಬೀದರದವರು. ಯಾರಾದರೂ ಕನ್ನಡ ಮಾತಾಡಿದರೆ ಸಾಕು, ಸ್ಟೂಲ್ ಹಾಕಿ ಕೂರಿಸಿ ಚಹಾ ತರಿಸುವವರು. ಆದರೆ ಸೈಕಲ್ ವಿಷಯದಲ್ಲಿ ಮಾತ್ರ ಅವರು ದೇವರ ಮಾತನ್ನೂ ಕೇಳುವವರಲ್ಲ.

“ಎಲ್ಲಿಗಿ ಒಯ್ತೀ?” ಅಂತ ಕೇಳಿದರು.

“ಔರಂಗಾಬಾದಿನವರೆಗೆ ರೈಲು. ಅಲ್ಲಿಂದ ವೇರೂಳಿಗೆ, ಅದೇ ಎಲ್ಲೋರಾ ಗುಹೆಗಳಿರುವ ಊರಿಗೆ, ಸೈಕಲ್. ದೀಪಾವಳಿ ರಜೆಯಲ್ಲಿ ನಮ್ಮ ಶಾಲೆಯ ಗೈಡ್ಸ್ ಕ್ಯಾಂಪ್. ಆರು ದಿವಸ!”

“ಸಾಮಾನು?”

“ಹಾಸಿಗೆ, ಅಕ್ಕಿ, ಬೇಳೆ, ಪಾತ್ರೆ, ಟೆಂಟಿನ ಗೂಟ. ಅವರವರ ಸಾಮಾನು ಅವರವರ ಸೈಕಲ್ಲಲ್ಲೇ.”

ವಿಶ್ವನಾಥಪ್ಪ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಒಂದು ಮುದಿ ಕಪ್ಪು ಸೈಕಲ್ ನಿಂತಿತ್ತು. ನಡುವೆ ದಪ್ಪ ಬಾರ್, ಹಿಂದೆ ಕಬ್ಬಿಣದ ಕ್ಯಾರಿಯರ್, ಕೆಳಗೆ ಎರಡು ಕಾಲಿನ ಸ್ಟ್ಯಾಂಡ್. “ಅದು ಒಯ್ಯಿ.”

“ಇಶ್ಶೀ! ಅದು ಗಂಡಸರ ಸೈಕಲ್. ಎಮ್ಮೆ ಹಾಗಿದೆ.”

“ಹೌದಲ್ಲ! ಹೇರು ಹೊರಾಕ ಎಮ್ಮೀನೇ ಬೇಕು. ಖಾಲಿ ಸೈಕಲ್ ಎಲ್ಲಾವೂ ಛಲೋನೇ ಇರ್ತಾವ. ಹೇರು ಹಾಕಿ ನೋಡು, ಆಮ್ಯಾಲ ಮಾತಾಡು.”

ಹರಿಣಾಕ್ಷಿಗೆ ಹನ್ನೆರಡು ವರ್ಷ. ಬೇಡ ಅಂದರೆ ಬೇಕೇ ಬೇಕು ಅನ್ನುವುದು ಅವಳ ಹುಟ್ಟುಗುಣ. “ಹಾಕಿಯೇ ತೋರಿಸ್ತೇನೆ!” ಅಂದಳು. ಹೇರು ಪಕ್ಕದಲ್ಲೇ ನಿಂತು ಮೂಗು ಕೆರೆದುಕೊಳ್ಳುತ್ತಿತ್ತು. ಅವಳ ತಮ್ಮ ಶೀನ, ಏಳು ವರ್ಷದವನು.

“ಹತ್ತೋ ಹಿಂದೆ.”

“ನಾನು ಸಾಮಾನಾ?”

“ಹೌದು, ಅಕ್ಕಿ ಮೂಟೆ. ಅಕ್ಕಿ ಮೂಟೆ ಮಾತಾಡುವುದಿಲ್ಲ.”

ವಿಕ್ಟೋರಿಯಾ ಸೇತುವೆಯ ಕಡೆಗೆ ಇಳಿಜಾರು. ನಾಲ್ಕು ಮಾರು ಹೋಗುವಷ್ಟರಲ್ಲಿ ಹ್ಯಾಂಡಲ್ ಗಡಗಡ ನಡುಗತೊಡಗಿತು. ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ!

“ಅಕ್ಕಾ, ಸೈಕಲ್ಲಿಗೆ ಚಳಿ ಬಂದಿದೆ.”

“ಮೂಟೆ, ಬಾಯಿ ಮುಚ್ಚು!”

ಮೂಟೆ ಬಾಯಿ ಮುಚ್ಚಲಿಲ್ಲ, “ಅಯ್ಯಯ್ಯೋ!” ಅಂತ ಕಿರುಚಿತು. ಮುಂದಿನ ಗಳಿಗೆಯಲ್ಲಿ ಇಬ್ಬರೂ ಹೂ ಮಾರುವ ಕಾಶಿಬಾಯಿಯ ಚೆಂಡುಹೂವಿನ ರಾಶಿಯ ಮೇಲೆ ಮಗುಚಿ ಬಿದ್ದರು. “ಡೋಳೆ ಫುಟ್ಲೆ ಕಾ ಗ?” ಕಣ್ಣು ಹೋಗಿದೆಯಾ ಅಂತ ಕಾಶಿಬಾಯಿ ಮರಾಠಿಯಲ್ಲಿ ಬೈದ ಬೈಗುಳಕ್ಕೆ ಗೋದಾವರಿಯ ಆಚೆ ದಡದವರೂ ತಿರುಗಿ ನೋಡಿರಬೇಕು. ಹರಿಣಾಕ್ಷಿ ಚೆಲ್ಲಿದ ಹೂವನ್ನೆಲ್ಲ ಆರಿಸಿ ಕೊಟ್ಟು, ಹಸಿರು ಸೈಕಲನ್ನು ತಳ್ಳಿಕೊಂಡು ವಾಪಸ್ಸು ಬಂದಳು.

ಕೂದಲಲ್ಲಿ ಹೂವಿನ ಎಸಳು, ಮೊಣಕಾಲಲ್ಲಿ ಮಣ್ಣು.

“ಏನೂ ಹೇಳ್ಬೇಡಿ,” ಅಂದಳು.

“ನಾ ಏನ್ ಅಂದ್ನವ್ವಾ?” ಅನ್ನುತ್ತ ವಿಶ್ವನಾಥಪ್ಪ ಕಪ್ಪು ಸೈಕಲಿನ ಧೂಳು ಒರೆಸಿದರು.

ಈ ಸಲವೂ ಶೀನ ಅಕ್ಕಿ ಮೂಟೆಯಾದ. ಫ್ರಾಕ್ ತೊಟ್ಟು ಬಾರಿನ ಮೇಲೆ ಕಾಲು ಹಾಕಲಾಗದೆ, ಹರಿಣಾಕ್ಷಿ ಬಾರಿನ ಕೆಳಗಿಂದ ಕಾಲು ತೂರಿಸಿ ಕತ್ತರಿ ಪೆಡಲ್ ಹೊಡೆದಳು. ಸೈಕಲ್ ಭಾರ ಅಂದರೆ ಭಾರ. ಆದರೆ ಎಳೆದ ಗೆರೆಯಂತೆ ನೇರವಾಗಿ ಹೋಯಿತು! ಹಿಂದಿನ ಮೂಟೆಗೆ ಎಷ್ಟು ನೆಮ್ಮದಿ ಅಂದರೆ ಅದು ಹಾಡು ಹೇಳತೊಡಗಿತು.

“ಚೇನಿಗಿ ಕವರ್ ಇಲ್ಲ ನೋಡು. ಬಟ್ಟಿ ಜ್ವಾಕಿ,” ಅಂದರು ವಿಶ್ವನಾಥಪ್ಪ.

* * *

ಹರಿಣಾಕ್ಷಿಯ ಅಪ್ಪ ಜಯರಾಮರದು ರವಿವಾರ ಕಾರಂಜಾ ಅನ್ನುವ ಚೌಕದ ಹತ್ತಿರ ಹೋಟೆಲು. ಉಡುಪಿಯ ಕಡೆಯಿಂದ ಬಂದು ಹದಿನೈದು ವರ್ಷ. ಹೋಟೆಲಿನ ಹಿಂದೆಯೇ ಮನೆ. ಮಗಳು ಕಪ್ಪು ಸೈಕಲ್ ತಂದು ನಿಲ್ಲಿಸಿದ್ದನ್ನು ಕಂಡು ಅವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

“ಇದೆಂತದು?”

“ಕ್ಯಾಂಪಿಗೆ ಸೈಕಲ್.”

“ಗಂಡಸರ ಸೈಕಲ್ಲಾ? ಬೇಡ ಮಾರಾಯ್ತಿ. ಲೇಡೀಸ್ ಸೈಕಲ್ ತಗೊಂಡು ಹೋಗು.”

“ಅದರಲ್ಲಿ ಸಾಮಾನು ಹೊತ್ತರೆ ಬೀಳ್ತೇನೆ. ಬಿದ್ದು ನೋಡಿ ಆಯ್ತು.”

“ಹಾಗಾದರೆ ಕ್ಯಾಂಪೂ ಬೇಡ, ಗೀಂಪೂ ಬೇಡ! ಜಯರಾಮನ ಮಗಳು ಗಂಡಸರ ಸೈಕಲ್ ಹತ್ತಿ ಊರು ಸುತ್ತುತ್ತಾಳೆ ಅಂತ ಪೇಟೆಯವರೆಲ್ಲ ಆಡಿಕೊಳ್ಳಬೇಕಾ?”

ಹರಿಣಾಕ್ಷಿ ಅಳಲಿಲ್ಲ. ಅಳುವುದು ಅವಳಿಗೆ ಬಾರದ ವಿದ್ಯೆ. ಗೋಡೆಯ ಮೇಲೆ ಅಪ್ಪನೇ ಬರೆಸಿದ ಹಲಗೆಯ ಕಡೆ ನೋಡಿದಳು. ‘ಇಲ್ಲಿಂದ ಯಾರೂ ಹಸಿದು ಹೋಗಬಾರದು’ ಅಂತ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡ ಅಕ್ಷರದಲ್ಲಿ ಇತ್ತು. ಅಜ್ಜನ ಕಾಲದ ಮಾತು ಅದು. ಕೈಯಲ್ಲಿ ಕಾಸಿಲ್ಲದವನಿಗೂ ಅಪ್ಪ ಎರಡು ಇಡ್ಲಿ ಕೊಟ್ಟೇ ಕಳಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಗಿರಾಕಿಗಳ ನೂಕುನುಗ್ಗಲು. ಬಾಗಿಲ ಪಕ್ಕದ ಮೊದಲ ಟೇಬಲ್ಲಿನಲ್ಲಿ ಹರಿಣಾಕ್ಷಿ ಕೈಕಟ್ಟಿ ಕೂತಿದ್ದಳು. ಎದುರಿಗೆ ಇಡ್ಲಿ ಆರುತ್ತಿತ್ತು.

“ತಿನ್ನು,” ಅಂದರು ಅಪ್ಪ ಮೆಲ್ಲಗೆ.

“ಬೇಡ,” ಅಂದಳು ಇವಳು ಜೋರಾಗಿ. “ನಿನ್ನೆ ರಾತ್ರಿಯೂ ತಿಂದಿಲ್ಲ. ಇವತ್ತೂ ತಿನ್ನುವುದಿಲ್ಲ.”

ನಾಲ್ಕು ಟೇಬಲ್ಲಿನವರು ತಿರುಗಿ ನೋಡಿದರು. “ಕಾಯ್ ಶೇಠ್, ಮುಲಗಿ ಉಪಾಶಿ?” ಅಂದ ಒಬ್ಬ. ಹೋಟೆಲಿನವನ ಮಗಳೇ ಉಪವಾಸವಾ ಅಂತ ಇನ್ನೊಬ್ಬ ನಕ್ಕ. ದಿನಾ ಮಸಾಲೆ ದೋಸೆ ತಿನ್ನುವ ಪೋಸ್ಟ್ ಆಫೀಸಿನ ಸದಾನಂದರಂತೂ ಅರ್ಧ ದೋಸೆಯನ್ನು ಹಾಗೇ ಬಿಟ್ಟು, “ಮಗು ಹಸಿದು ಕೂತಿದ್ದರೆ ನನಗೆ ಗಂಟಲಲ್ಲಿ ಇಳಿಯೋದಿಲ್ಲಪ್ಪ,” ಅಂತ ಕೈತೊಳೆಯಲು ಎದ್ದರು. ಅವರನ್ನು ನೋಡಿ ಪಕ್ಕದವರೂ ತಟ್ಟೆ ದೂರ ಸರಿಸಿದರು.

ಅಪ್ಪನ ಕಿವಿ ಕೆಂಪಗಾಯಿತು. ಹಲಗೆಯನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಹಲಗೆಯನ್ನು ನೋಡಿದರು.

“ತಿನ್ನು ಮಾರಾಯ್ತಿ! ಮರ್ಯಾದೆ ತೆಗೀಬೇಡ.”

“ಕಪ್ಪು ಸೈಕಲ್?”

“ಕಪ್ಪೋ ಕೆಂಪೋ! ಬೇಕಾದರೆ ಕೋಣ ಹತ್ತಿಕೊಂಡು ಹೋಗು! ಮೊದಲು ತಿನ್ನು!”

ಹರಿಣಾಕ್ಷಿ ಆರು ಇಡ್ಲಿ ತಿಂದಳು. ಸದಾನಂದರು ವಾಪಸ್ಸು ಬಂದು ದೋಸೆ ಮುಗಿಸಿದರು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸುಗುಣಾ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರದು ದಿನವಿಡೀ ರುಬ್ಬುವುದು, ಬೇಯಿಸುವುದು, ತೊಳೆಯುವುದು. ಹದಿನೈದು ವರ್ಷದಲ್ಲಿ ಅವರು ಪಂಚವಟಿಯ ದೇವಸ್ಥಾನ ಬಿಟ್ಟು ಆಚೆ ಹೋದದ್ದೇ ಇಲ್ಲ. ಹಿತ್ತಲಲ್ಲಿ ನಿಂತ ಸೈಕಲನ್ನು ಮಾತ್ರ ಒಂದು ಸುತ್ತು ಬಂದು ನೋಡಿದರು. ಸೀಟನ್ನು ಅಂಗೈಯಿಂದ ಒತ್ತಿದರು.

“ಗಂಟು ಎಲ್ಲಿ ಕಟ್ಟುತ್ತೀ?”

“ಕ್ಯಾರಿಯರ್ ಮೇಲೆ.”

“ಒಂದೇ ಕೊಡ ಹೊತ್ತರೆ ಸೊಂಟ ಓರೆಯಾಗ್ತದೆ. ಎರಡು ಕೈಗೆ ಎರಡು ಕೊಡ ಹಿಡಿದರೆ ನೇರ ನಡೀಲಿಕ್ಕಾಗ್ತದೆ,” ಅಂದರು ಅಮ್ಮ. ಅಷ್ಟೇ. ಮೈದಾ ಹಿಟ್ಟಿನ ಎರಡು ಚೀಲ ಒಗೆದು, ಕ್ಯಾರಿಯರಿನ ಎರಡೂ ಬದಿಗೆ ಕೆಳಗೆ ಇಳಿಬೀಳುವ ಹಾಗೆ ಹೊಲಿಗೆ ಹಾಕಿದರು.

ಶನಿವಾರ ಶಾಲೆಯಿಂದ ಬಂದಾಗ ಹಾಸಿಗೆಯ ಮೇಲೆ ಹೊಸ ಪೈಜಾಮವೂ ಇತ್ತು. ಹೋಟೆಲಿನ ಪರದೆಗೆ ತಂದು ಉಳಿದಿದ್ದ ನೀಲಿ ಪಟ್ಟೆ ಬಟ್ಟೆಯದು. ಅಮ್ಮನ ಮೊಣಕೈಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿತ್ತು.

“ಕೈಗೆ ಎಂತಾಯ್ತು?”

“ರುಬ್ಬುವ ಕಲ್ಲು ತಾಗಿತು.”

“ಪೈಜಾಮ ಎಷ್ಟು ಉದ್ದ ಅಮ್ಮ! ಇದರಲ್ಲಿ ನಾನೂ ಶೀನನೂ ಇಬ್ಬರೂ ಹಿಡಿಸ್ತೇವೆ.”

“ಬೆಳೆಯುವ ಹುಡುಗಿ. ಮಡಚಿಕೋ.”

ಮಡಚಲು ಬಗ್ಗಿದಾಗ ಹರಿಣಾಕ್ಷಿಗೆ ಕಂಡಿತು. ಬಲಗಾಲಿನ ಅಂಚಿನಲ್ಲಿ ಕಪ್ಪು ಮಸಿ, ಸಾಲಾಗಿ ನಾಲ್ಕು ಹಲ್ಲಿನ ಗುರುತು. “ಶೀನಾ! ಇನ್ನೂ ತೊಡದ ಪೈಜಾಮಕ್ಕೆ ಮಸಿ ಹಚ್ಚಿದ್ದೀಯಲ್ಲೋ, ಕೋತಿ!”

“ನಾನಲ್ಲ!”

“ಮತ್ತ್ಯಾರು? ಗಣಪತಿಯ ಇಲಿಯಾ?”

“ನಾನಲ್ಲ ಅಂದರೆ ನಾನಲ್ಲ! ಮಧ್ಯಾಹ್ನವೆಲ್ಲ ನಾನು ಅಪ್ಪನ ಪಕ್ಕ ಮಲಗಿದ್ದೆ.” ಪಾಪ, ಶೀನ ಅತ್ತೇಬಿಟ್ಟ. ಹರಿಣಾಕ್ಷಿ ಮಸಿಯನ್ನು ಒಳಗೆ ಸೇರಿಸಿ ಮೂರು ಸುತ್ತು ಮಡಚಿದಳು. ಆಮೇಲೆ ಅದನ್ನು ಮರೆತಳು.

* * *

ಭಾನುವಾರ ಪರೀಕ್ಷೆ. ಗೈಡ್ಸ್ ಟೀಚರ್ ರುಕ್ಮಿಣಿಬಾಯಿಯವರ ನಿಯಮ ಖಡಕ್ಕು. ಪೂರ್ತಿ ಸಾಮಾನು ಹೇರಿಕೊಂಡು ಊರಾಚೆಯ ಪಾಂಡವಲೇಣಿ ಗುಡ್ಡದ ಬುಡದವರೆಗೆ ಹೋಗಿ ಬರಬೇಕು. ಸೈಕಲ್ ತಡೆದರೆ ಕ್ಯಾಂಪ್, ತಡೆಯದಿದ್ದರೆ ಮನೆ.

ಹರಿಣಾಕ್ಷಿ ಬಂದದ್ದೇ ತಡ, ಗೈಡ್ಸ್ ತಂಡದ ಕುಂದಾ ಕಿಸಕ್ಕನೆ ನಕ್ಕಳು. ಕುಂದಾಳದು ಮಿರಿಮಿರಿ ಮಿಂಚುವ ಹೊಸ ಲೇಡೀಸ್ ಸೈಕಲ್. “ನೋಡ್ರೇ, ಹೋಟೆಲಿನ ಪರದೆ ಸೈಕಲ್ ಹತ್ತಿದೆ!”

“ದಾರಿಯುದ್ದಕ್ಕೂ ಈ ಪರದೆಯ ಹಿಂದೇ ಬರ್ತೀಯಲ್ಲ, ಚೆನ್ನಾಗಿ ನೋಡಿಕೋ,” ಅಂದಳು ಹರಿಣಾಕ್ಷಿ. ಬಾರಿನ ಮೇಲೆ ಕಾಲು ಬೀಸಿ ಹತ್ತಿದಳು. ದಾರಿಯಲ್ಲಿ ನಿಂತವರು ನೋಡಿದರು, ಒಬ್ಬ ಸಿಳ್ಳೆಯೂ ಹೊಡೆದ. ಅವನ ಪಕ್ಕದಲ್ಲಿ ಹೋಗುವಾಗ ಅವಳು ಬೆಲ್ಲನ್ನು ಇನ್ನೂ ಜೋರಾಗಿ ಬಾರಿಸಿದಳು.

ಬೇರೆ ಇಬ್ಬರು ಹುಡುಗಿಯರ ಗಂಟು ದಾರಿಯಲ್ಲೇ ಉದುರಿತು. ಕುಂದಾಳ ಸೈಕಲ್ ಓಲಾಡುತ್ತ, ನಡುಗುತ್ತ, ಹೇಗೋ ಬಂದು ಮುಟ್ಟಿತು. ಕಪ್ಪು ಸೈಕಲ್ ಎಲ್ಲರಿಗಿಂತ ಮೊದಲು ಬಂದು ಎರಡು ಕಾಲಿನ ಮೇಲೆ ಭದ್ರವಾಗಿ ನಿಂತಿತು.

ರುಕ್ಮಿಣಿಬಾಯಿ ಚೀಲಗಳನ್ನು ಹಿಡಿದು ಅಲ್ಲಾಡಿಸಿದರು. ಅವು ಅಲ್ಲಾಡಲಿಲ್ಲ. “ಯಾರು ಹೊಲಿದದ್ದು?”

“ಅಮ್ಮ.”

“ನಿನ್ನಮ್ಮ ಸೈಕಲ್ ಹೊಡೀತಾರಾ?”

“ಅಮ್ಮನಾ?” ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ.

* * *

ಮನ್ಮಾಡದಲ್ಲಿ ರೈಲು ಬದಲಿಸಿ ಔರಂಗಾಬಾದಿನಲ್ಲಿ ಇಳಿದರು. ಮರುದಿನ ಬೆಳಿಗ್ಗೆ ಎಂಟು ಸೈಕಲ್ಲುಗಳ ಸಾಲು ವೇರೂಳಿನ ದಾರಿ ಹಿಡಿಯಿತು. ದೌಲತಾಬಾದಿನ ಕೋಟೆ ದಾಟಿದ್ದೇ ಘಾಟಿ ಶುರು. ರಸ್ತೆ ಸೆಟೆದು ಮೇಲೆದ್ದಿತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ತಳ್ಳತೊಡಗಿದರು. ರುಕ್ಮಿಣಿಬಾಯಿಯವರೂ ಇಳಿದರು.

ಹರಿಣಾಕ್ಷಿ ಇಳಿಯಲಿಲ್ಲ. ಎದ್ದು ನಿಂತು ಪೆಡಲ್ ತುಳಿದಳು. ಒಂದು ತಿರುವು, ಎರಡು ತಿರುವು. ಮೂರನೆಯ ತಿರುವಿನಲ್ಲಿ ಪೈಜಾಮದ ಮಡಿಕೆ ಬಿಚ್ಚಿಕೊಂಡಿತು, ಉದ್ದದ ಅಂಚು ಚೇನಿಗೆ ಸಿಕ್ಕಿ ಕರಕ್ಕಂತ ಕಚ್ಚಿತು. ಸೈಕಲ್ ನಿಂತೇಬಿಟ್ಟಿತು. ಅವಳು ವಾಲಿ, ರಸ್ತೆ ಬದಿಯ ಕಲ್ಲಿಗೆ ಮೊಣಕೈ ಉಜ್ಜಿ, ಹೇಗೋ ಕಾಲೂರಿ ಸಾವರಿಸಿಕೊಂಡಳು.

“ಥೂ, ದರಿದ್ರ ಪೈಜಾಮ!” ಪೆಡಲ್ ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಡಿಸಿದಳು. ಅಂಚಿನಲ್ಲಿ ಕಪ್ಪು ಮಸಿ, ಸಾಲಾಗಿ ನಾಲ್ಕು ಹಲ್ಲು.

ಅದರ ಪಕ್ಕದಲ್ಲೇ ಹಳೆಯ ಗುರುತು. ಅದೂ ಸಾಲಾಗಿ ನಾಲ್ಕು ಹಲ್ಲು.

ಹರಿಣಾಕ್ಷಿ ಎರಡನ್ನೂ ನೋಡಿದಳು. ಶೀನ ಕೈಯಿಂದ ಹಚ್ಚಿದ ಮಸಿ ಹೀಗಿರುವುದಿಲ್ಲ. ಇದು ಚೇನು ಕಚ್ಚಿದ್ದು. ಚೇನು ಕಚ್ಚಬೇಕಾದರೆ ಪೈಜಾಮ ತೊಟ್ಟು ಯಾರೋ ಸೈಕಲ್ ಹತ್ತಿರಬೇಕು. ಅವಳು ತೊಡುವುದಕ್ಕೂ ಮೊದಲೇ!

ಶನಿವಾರ ಮಧ್ಯಾಹ್ನ ಅಪ್ಪನೂ ಶೀನನೂ ನಿದ್ದೆ ಮಾಡುತ್ತಿದ್ದರು. ಅವಳು ಶಾಲೆಯಲ್ಲಿದ್ದಳು. ಹಿತ್ತಲಲ್ಲಿ ಸೈಕಲ್ ಇತ್ತು. ಇನ್ನು ಉಳಿದವರು ಯಾರು?

ಪೈಜಾಮವನ್ನು ಪೂರ್ತಿ ಇಳಿಬಿಟ್ಟು ನೋಡಿದಳು. ಪಾದ ಮುಚ್ಚಿ ಇನ್ನೂ ಒಂದು ಗೇಣು ನೆಲದಲ್ಲಿ ಬಿದ್ದಿತ್ತು. ಸರಿಯಾಗಿ ಅಮ್ಮನ ಅಳತೆ. ಉರಿಯುತ್ತಿದ್ದ ತನ್ನ ಮೊಣಕೈ ಮುಟ್ಟಿಕೊಂಡಳು. ಅರಿಸಿನ ಹಚ್ಚಿದ ಅಮ್ಮನ ಮೊಣಕೈ ಕಣ್ಣೆದುರು ಬಂತು.

ಅಷ್ಟರಲ್ಲಿ ಏದುಸಿರು ಬಿಡುತ್ತ ಉಳಿದವರು ಬಂದು ಮುಟ್ಟಿದರು.

“ಇಳಿದೆಯಲ್ಲ!” ಅಂದಳು ಕುಂದಾ.

“ಇಳಿದೆ,” ಅಂದಳು ಹರಿಣಾಕ್ಷಿ. ಅವಳಿಗೆ ಕುಂದಾಳ ಮೇಲೆ ಸಿಟ್ಟೇ ಬರಲಿಲ್ಲ. ಪೈಜಾಮವನ್ನು ಮತ್ತೆ ಮಡಚಿದಳು, ಈ ಸಲ ನಿಧಾನವಾಗಿ, ಬಟ್ಟೆ ಹರಿಯದ ಹಾಗೆ. ಎಲ್ಲರ ಜೊತೆ ಸೈಕಲ್ ತಳ್ಳುತ್ತ ಹೊರಟಳು.

ಘಾಟಿಯ ತಲೆ ಮುಟ್ಟಿದಾಗ ರುಕ್ಮಿಣಿಬಾಯಿ ಕಪ್ಪು ಸೈಕಲಿನ ಸೀಟು ತಟ್ಟಿದರು. “ಗಟ್ಟಿ ಸೈಕಲ್. ಊರಿಗೆ ಹೋದ ಕೂಡಲೇ ಅಂಗಡಿಗೆ ವಾಪಸ್ಸು ಕೊಡಬೇಕಲ್ಲ?”

“ಇಲ್ಲ ಟೀಚರ್. ಇನ್ನೊಂದು ವಾರ ಕೊಡೋದಿಲ್ಲ.”

“ಯಾಕೆ?”

“ಮನೆಯಲ್ಲಿ ಇನ್ನೊಬ್ಬರು ಕಲೀತಾ ಇದ್ದಾರೆ,” ಅಂದಳು ಹರಿಣಾಕ್ಷಿ. “ಹಿಂದಿನಿಂದ ಹಿಡಿದುಕೊಳ್ಳಲಿಕ್ಕೆ ನಾನು ಬೇಕು.”