ಏಜೆಂಟ್ ಮಂಡಕ್ಕಿಯ ಕೋಟು

ಹೊಗೆ ಸರಿಯಿತು. ಏಜೆಂಟ್ ಮಂಡಕ್ಕಿ ಅಂಗಳದ ನಡುವೆ ಕುಸಿದು ಬಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗಿಸುವುದಕ್ಕೇ ಇದ್ದ ದೃಶ್ಯ ಅದು. ಶತ್ರುವಿನ ಮೇಲೆ ಎಸೆಯಬೇಕಾದ ಹೊಗೆ ಬಾಂಬು ಗೂಢಚಾರನ ಕೋಟಿನೊಳಗೇ ಸಿಡಿಯಬೇಕು. ಗೂಢಚಾರಿ ಸಿನಿಮಾಗಳನ್ನು ಗೇಲಿ ಮಾಡುವ ಚಿತ್ರ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂರನೇ ದಿನದ ಶೂಟಿಂಗ್.

ಬಿದ್ದವನ ಎಡ ಕಂಕುಳಲ್ಲಿ ಕಬ್ಬಿಣದ ಕೊಳವೆ ನೆಟ್ಟಿತ್ತು. ಚೀಲಕ್ಕೆ ಚುಚ್ಚಿ ಅಕ್ಕಿಯ ಮಾದರಿ ತೆಗೆಯುವ ಚೂಪು ಕೊಳವೆ. ಅಕ್ಕಿ ಸುರಿಯುವ ತುದಿಯಿಂದ ರಕ್ತ ಸುರಿಯುತ್ತಿತ್ತು.

ನಗು ನಿಂತಿತು. ಮುಖವಾಡ ಕಿತ್ತರು. ನಾಯಕ ನಯಾಜ್ ಅಲ್ಲ, ಅವನ ಬದಲು ಬೀಳುವ ಡ್ಯೂಪ್ ದುರ್ಗೇಶ್. ಸತ್ತಿದ್ದ.

"ನನಗ ಹಾಕಿದ್ದ ಸ್ಕೆಚ್ ಇದು!" ನಯಾಜ್ ಚೀರಿದ. "ಶೇಖರಂದಾ ಕೆಲಸ!"

ಶೇಖರ್ ಚಿತ್ರದ ಖಳನಾಯಕ. ನಿನ್ನೆ ನಯಾಜನ ಕಾಲರ್ ಹಿಡಿದು ಕೊಲ್ಲುತ್ತೇನೆ ಅಂದಿದ್ದ. ಇವತ್ತು ಹೊಗೆಯಲ್ಲಿ ಪಕ್ಕದಲ್ಲೇ ಇದ್ದ. ಗಿರಣಿಯ ಹಮಾಲರಿಗೆ ಅಷ್ಟು ಸಾಕಾಯಿತು.

*

ಪಿಎಸ್‌ಐ ಇರ್ಫಾನಾ ಬರುವಷ್ಟರಲ್ಲಿ ಶೇಖರ್‌ನನ್ನು ಕಂಬಕ್ಕೆ ಕಟ್ಟಿದ್ದರು. ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿ ತುಂಬ ರಕ್ತ. ಗೇಟಿನ ಹೊರಗೆ ಇನ್ನೂರು ಜನ ಅವನನ್ನು ಹೊರಗೆ ಕಳಿಸಿ ಎಂದು ಕೂಗುತ್ತಿದ್ದರು.

"ಬಿಡ್ರಲೇ! ಇನ್ನೊಂದ್ ಏಟು ಬಿದ್ರ ನಿಮ್ಮನ್ನೆಲ್ಲಾ ಒಳಗ ಹಾಕ್ತೀನಿ!"

"ಮೇಡಮ್ಮಾರ, ಬೈದದ್ದು ಖರೇರಿ," ಶೇಖರ್ ತೊದಲಿದ. "ಕೊಂದಿಲ್ರಿ. ಹೊರಗ ಕಳಿಸಿದ್ರ ನನ್ನ ಸಾಯಿಸ್ತಾರ್ರಿ."

ಇರ್ಫಾನಾ ಹೆಣದ ಕೋಟು ಬಿಚ್ಚಿಸಿದಳು. ಎದೆ, ಬೆನ್ನು, ಪಕ್ಕೆ, ಎಲ್ಲ ಕಡೆ ಒಳಗೆ ಜೀನ್ಸ್ ಬಟ್ಟೆಯ ಎಂಟು ಪದರ. ಚಾಕು ಒತ್ತಿದಳು. ಇಳಿಯಲಿಲ್ಲ.

"ನಯಾಜ್, ನಿನ್ನ ಕೋಟಿನ್ಯಾಗೂ ಇದು ಐತೇನು?"

"ಇಲ್ರಿ. ಬೀಳಾವ ಅವ, ನಾ ಅಲ್ಲ."

ಕೋಟಿನ ಒಳಭಾಗ ಹೊರಳಿಸಿದಳು. ಎಡ ಕಂಕುಳಲ್ಲಿ ಅಂಗೈಯಗಲ ಜಾಗದಲ್ಲಿ ಪದರ ಇರಲಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ.

"ಹೊಲಿದಾವ ಯಾರು?"

ಚಿತ್ರತಂಡದ ಟೇಲರ್ ಚನ್ನಬಸವರಾಜ ಮುಂದೆ ಬಂದ. ಕೌಲ್ ಬಜಾರಿನಲ್ಲಿ ಇಪ್ಪತ್ತು ವರ್ಷ ಜೀನ್ಸ್ ಹೊಲಿದವನು. ಹೊಗೆ ಬಾಂಬನ್ನು ಕೋಟಿನೊಳಗಿಟ್ಟು ಗುಂಡಿ ಹಾಕಿದವನೂ ಅವನೇ.

"ಇಲ್ಲಿ ಪದರ ಎಲ್ಲಿ?"

"ಬಿದ್ದಾಗ ಹರಿದಿರಬೇಕ್ರಿ."

"ಹರಿದ ಬಟ್ಟಿಗೆ ಅಂಚಿನುದ್ದಕ್ಕೂ ಚಾಕ್‌ಪೀಸಿನ ಗೆರಿ ಯಾಕ ಐತಿ?"

ಅವನು ಕೋಟಿಗೆ ಕೈ ಚಾಚಿದ. ಆಕೆ ಕೊಡಲಿಲ್ಲ.

"ನಯಾಜನ ಕೋಟಿನ್ಯಾಗ ಪದರ ಇಲ್ಲ, ಅವನ್ನ ಕೊಲ್ಲಾವ ಎದಿಗೆ ಹಾಕ್ತಿದ್ದ," ಇರ್ಫಾನಾ ಎಲ್ಲರಿಗೂ ಕೇಳುವಂತೆ ಅಂದಳು. "ಕೊಂದಾವ ಆ ಹೊಗ್ಯಾಗ ಅಂಗೈಯಗಲ ಜಾಗ ಹುಡುಕ್ಯಾನ. ಅಂದ್ರ ಕೋಟಿನ್ಯಾಗ ಇರಾವ ದುರ್ಗೇಶ ಅಂತ ಗೊತ್ತಿತ್ತು. ಪದರ ಎಲ್ಲಿಲ್ಲ ಅಂತಾನೂ ಗೊತ್ತಿತ್ತು. ಅದು ಗೊತ್ತಿರಾದು ಕತ್ತರಿಸಿದಾವಗ ಒಬ್ಬನಿಗೇ. ಗೆರಿ ಎಳೀದ ಕತ್ತರಿ ಹಾಕಾಕ ಟೇಲರ್ ಕೈ ಏಳಾಂಗಿಲ್ಲ. ಕೊಲೀಗೂ ಗೆರಿ ಎಳದಿಯಲ್ಲೋ!"

ಚನ್ನಬಸವರಾಜ ನೆಲಕ್ಕೆ ಕೂತುಬಿಟ್ಟ.

"ನನ್ನ ತಂಗಿ ಅಕ್ಷತಾನ್ನ ದುರ್ಗೇಶಗ ಕೊಟ್ಟಿದ್ವಿರಿ. ಫೈಟ್ ಪ್ರಾಕ್ಟೀಸ್ ಅಂತ ದಿನಾ ಆಕಿನ್ನ ಹೊಡೀತಿದ್ದ. ಹ್ವಾದ ವಾರ ಹೊಟ್ಟಿಗೆ ಒದ್ದ. ಐದು ತಿಂಗಳ ಬಸರಿ. ಕೂಸು ಹೋತು. ಕುರುಗೋಡಿನ ಮನ್ಯಾಗ ಗ್ವಾಡಿ ಕಡಿ ಮುಖ ಮಾಡಿ ಮಲಗ್ಯಾಳ್ರಿ."

ಇರ್ಫಾನಾ ಕೋಟು ಮಡಚಿ ಪೇದೆಯ ಕೈಗೆ ಕೊಟ್ಟಳು.

"ಅದನ್ನ ಕೋರ್ಟಿಗೆ ಹೇಳು. ಈ ಶೇಖರನ್ನ ಕಟ್ಟಿ ಬಡಿಯುವಾಗ ನೀ ಎಲ್ಲಿದ್ದಿ?"

"ಇಲ್ಲೇ ಇದ್ನಿರಿ."

"ಏನ್ ಮಾಡ್ತಿದ್ದಿ?"

"ನಯಾಜಣ್ಣನ ಕೋಟಿಗೆ ಗುಂಡಿ ಹಚ್ಚಾಕತ್ತಿದ್ದೆ."

ಇರ್ಫಾನಾಳ ಕೈ ಅವನ ಕೆನ್ನೆಗೆ ಬಿತ್ತು. ಬೇಡಿ ಹಾಕಿಸಿದಳು. ಆಮೇಲೆ ಶೇಖರ್‌ನ ಕಟ್ಟು ತಾನೇ ಬಿಚ್ಚಿ, ಹೆಗಲಿಗೆ ಆನಿಸಿಕೊಂಡು ಗೇಟು ತೆಗೆಸಿದಳು.

"ದಾರಿ ಬಿಡ್ರಿ," ಅಂದಳು. "ಮೊದ್ಲು ಇವನ್ನ ದವಾಖಾನಿಗೆ ಸೇರಿಸ್ತೀನಿ. ಆಮ್ಯಾಲ ಹೊಡೆದೋರನ್ನ ಹುಡುಕ್ಕೊಂಡು ಬರ್ತೀನಿ."

ಇನ್ನೂರು ಜನ ದಾರಿ ಬಿಟ್ಟರು.